ಹಿಡಿಯಿಲ್ಲದ ಮಾತು

ಜೋಹೋರಿನ ಹಡಗುಕಟ್ಟೆಯಲ್ಲಿ ಆರು ವರ್ಷ ಬೆಸುಗೆ ಹಾಕಿ
ಮುದಗಲ್ಲಿಗೆ ತಿರುಗಿ ಬಂದ ನನ್ನ ಗಂಡ
ಎರಡು ಕಂಬಳಿ, ಒಂದು ಮಿಕ್ಸರು,
ಮುಂಗೈ ತುಂಬ ಕಿಡಿ ಸಿಡಿದ ಕಲೆ,
ಮತ್ತೊಂದು ಮಾತು ತಂದ:
ಚುರಿಗ.

ಚೀಟಿಯ ಹಣ ಎಣಿಸುವಾಗ ಒಮ್ಮೆ ಅಂದ.
ನನ್ನ ಫೋನು ಎರಡು ಸಲ ಬಡಿದು ನಿಂತಾಗ ಒಮ್ಮೆ.
ಕೊಂಡಿ ಹಾಕಿ, ಹಾಕಿದ ಕೊಂಡಿಯನ್ನೇ
ಮತ್ತೆ ಎಳೆದು ನೋಡುವಾಗ
ದಿನಾ.
ಬಯ್ಗುಳ ಇರಬೇಕೆಂದು ಸುಮ್ಮನಿದ್ದೆ.
ಪರದೇಶದ ಬಯ್ಗುಳ, ಯಾರಿಗೆ ತಾಗೀತು?

ಒಂದು ರಾತ್ರಿ ಕೇಳಿದೆ: ಹಂಗಂದ್ರ ಏನ್ರೀ?
ಗೋಡೆಗೆ ಹೇಳಿದ ಹಾಗೆ ಹೇಳಿದ:
"ಅನುಮಾನ ಹೊಕ್ಕವ್ನಿಗೆ ಹಂಗ ಅಂತಾರ.
ಅನುಮಾನ ತರಿಸೋವ್ನಿಗೆ ಅದನ್ನ
ಮುಂದೊಂದು ಹಿಂದೊಂದು ಹಚ್ಚಿ ಉದ್ದ ಮಾಡ್ತಾರ."

ಜೊತೆಗೆ ದುಡಿಯುತ್ತಿದ್ದ ಜಾವಾದ ಸುತ್ರಿಸ್ನೋ
ಊಟದ ಹೊತ್ತಿನಲ್ಲಿ ಹೇಳಿದ್ದನಂತೆ:
ನಮ್ಮ ಹಿರೀಕರ ಬಾಯಲ್ಲಿ
ಚುರಿಗ ಅಂದರೆ ಅನುಮಾನವಲ್ಲ, ಕಬ್ಬಿಣ.
ಹಾವಿನ ನಡೆಯ ಅಲಗು. ಮದುವೆ ಗಂಡು
ಬೆನ್ನ ಹಿಂದೆ ನಡುಪಟ್ಟಿಗೆ ಸಿಗಿಸಿಕೊಳ್ಳುವುದು.
ಎದುರಿಗೆ ನಿಂತವರಿಗೆ ಕಾಣುವುದಿಲ್ಲ.

ನಾನು ಕಂಬಾರ ಮೌನೇಶಪ್ಪನ ಮಗಳು.
ಎದ್ದು ಕೂತೆ.
ಅಯ್ಯ, ಅದು ನಮ್ಮ ಚೂರೀನ ರೀ!
ಹುಲಿಗೆಮ್ಮ ಟೀಚರು ಹಳಗನ್ನಡ ಪಾಠದಲ್ಲಿ
ಬೋರ್ಡಿನ ಮೇಲೆ ಬರೆದ ಸುರಗಿ.
ಛುರಿಕೆ ಅನ್ನುವ ಒಂದೇ ಕಾದ ಗಟ್ಟಿಯಿಂದ
ಒಂದು ತುಂಡು ನಮ್ಮ ಸಂತೆಗೆ ಬಂದು
ಬದನೆ ಹೆಚ್ಚಿತು, ಕುರಿ ಕೊಯ್ದಿತು,
ಹೊಕ್ಕುಳಬಳ್ಳಿಯನ್ನೂ ಕತ್ತರಿಸಿತು;
ಇನ್ನೊಂದು ಹಡಗು ಹತ್ತಿತು.

ಉಪ್ಪುನೀರು ಕಬ್ಬಿಣ ತಿನ್ನುತ್ತದೆ, ಗೊತ್ತು.
ಆದರೆ ಅಲಗೆಲ್ಲ ಕರಗಿ
ಅಲಗಿನ ಭಯ ಮಾತ್ರ ಉಳಿಯುವಷ್ಟೇ?
ಯಾವ ತಲೆಮಾರಿನಲ್ಲಿ, ಯಾವ ಹೊಸ್ತಿಲಲ್ಲಿ
ಯಾರು ಯಾರ ಬೆನ್ನು ನೋಡಲಾಗದೆ
'ಅವನ ಹತ್ತಿರ ಚೂರಿ ಇದೆ' ಎಂಬುದು
'ಇದ್ದೀತು' ಎಂದಾಯಿತು?
ಸುತ್ರಿಸ್ನೋಗೂ ಗೊತ್ತಿರಲಿಲ್ಲವಂತೆ.
ಸೈರನ್ ಆಯಿತು, ಕೈ ತೊಳೆದು ಎದ್ದನಂತೆ.

ಮರುದಿನ ಕುಲುಮೆ ಹೊತ್ತಿಸಿದೆ.
ಈತ ಇಲ್ಲದ ಆರು ವರ್ಷ
ಅಪ್ಪನ ಇಕ್ಕಳ ಹಿಡಿದವಳು ನಾನೇ.
ಕುಡಗೋಲಿಗೆ ಕಕ್ಕು ಹಾಕಿದ್ದು, ಕುಂಟೆಯ ಕುಡ ಹಣಿದದ್ದು,
ಸುತ್ತಿಗೆ ಬಡಿಯಲು ಮಸ್ಕಿ ಕಡೆಯ ದುರುಗೇಶ ಬರುತ್ತಿದ್ದ.
ಅವನ ಕೂಲಿ ಲೆಕ್ಕದ ಪುಸ್ತಕದಲ್ಲಿದೆ.
ಆ ಹೆಸರಿನ ಮೇಲೆ ಗಂಡನ ಬೆರಳು
ಮೂರು ಸಲ ನಿಂತದ್ದನ್ನು
ರೊಟ್ಟಿ ಬಡಿಯುತ್ತಲೇ ನೋಡಿದ್ದೇನೆ.

ಲಾರಿಯ ಹಳೆ ಪಾಟಾದ ತುಂಡು ಕಾಸಿದೆ,
ಬಡಿದೆ, ನೀರು ಕುಡಿಸಿದೆ, ಮಸೆದೆ.
ಗೇಣುದ್ದದ ಚೂರಿ. ಹಿಡಿ ಹಾಕಲಿಲ್ಲ.
ಮುಂದಿಟ್ಟು, ಹಿಡೀರಿ ಅಂದೆ.
"ಹೆಂಗ ಹಿಡೀಲಿ? ಕೈ ಕೊಯ್ತದ."
ನಿಮ್ಮ ಮಾತೂ ಹಿಂಗಾ ಅದರೀ, ಅಂದೆ.
ನನಗ ತಾಗೋದು ಆಮ್ಯಾಲೆ.

ಒರೆ ಅಂದರೆ ಅಲಗು ಮಲಗುವ ಮನೆ.
ಅಕ್ಕಸಾಲಿ ಬಂಗಾರ ಉಜ್ಜಿ ನೋಡುವುದೂ ಒರೆ.
ಟೀಚರು ಇನ್ನೊಂದು ಹೇಳಿದ್ದರು:
ಹಳೆಯ ಕನ್ನಡದಲ್ಲಿ ಒರೆ ಅಂದರೆ, ಮಾತಾಡು.
ನೀವು ಉಜ್ಜಿದ್ದೇ ಉಜ್ಜಿದ್ದು.
ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ?

ಆತ ಆಗಲೂ ಕೇಳಲಿಲ್ಲ.
ಹಿತ್ತಲಿಂದ ಜಾಲಿಯ ಕೊರಡು ತಂದು
ಕೋಟೆಗೋಡೆಯ ನೆರಳು ನಮ್ಮ ಅಂಗಳ ದಾಟುವತನಕ
ಹಿಡಿ ಕೆತ್ತುತ್ತ ಕೂತ.
ಚೆನ್ನಾಗಿಯೇ ಕೂತಿತು. ತುಸು ಎಡಕ್ಕೆ ವಾಲುತ್ತದೆ.
ಸಂಜೆ ಅದರಲ್ಲೇ ಉಳ್ಳಾಗಡ್ಡಿ ಹೆಚ್ಚಿದೆ.

ರಾತ್ರಿ ಕೊಂಡಿ ಹಾಕಿದ.
ಕತ್ತಲಲ್ಲಿ ಉಸಿರು ಬಿಗಿಹಿಡಿದು ಮಲಗಿದ್ದೆ,
ಮತ್ತೆ ಎಳೆದು ನೋಡುತ್ತಾನೋ ಏನೋ ಎಂದು
ಕಿವಿಗೊಟ್ಟು.